ನಾಲ್ಕು ದಿನದ ಗಂಜಿ

ತನ್ನ ತಲೆಯ ಹಿಂಭಾಗದ ಕೂದಲನ್ನು ತಾನೇ ಕತ್ತರಿಸಿಕೊಳ್ಳುವ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಅಂಗಳದ ಬೇವಿನ ಗಿಡಕ್ಕೆ ಮೊಳೆ ಹೊಡೆದು ಒಂದು ಕನ್ನಡಿ, ಅದರ ಎದುರಿನ ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ ಇನ್ನೊಂದು ಕನ್ನಡಿ. ಎರಡರ ನಡುವೆ ಸ್ಟೂಲು ಹಾಕಿಕೊಂಡು, ಹೆಗಲ ಮೇಲೆ ಹಳೆಯ ಧೋತರದ ತುಂಡು ಹೊದ್ದು ಅವರು ಕೂತಿರುತ್ತಿದ್ದರು. ಮುಂದಿನ ಕನ್ನಡಿಯಲ್ಲಿ ಹಿಂದಿನ ಕನ್ನಡಿ, ಅದರೊಳಗೆ ಅವರ ಹಿಂದಲೆ. ಕತ್ತರಿ ಎಡಕ್ಕೆ ಹೋಗಲಿ ಅಂದರೆ ಬಲಕ್ಕೆ ಹೋಗುತ್ತಿತ್ತು. ಹಾಗಾಗಿ ಪ್ರತಿ ತಿಂಗಳೂ ಅವರ ಹಿಂದಲೆಯಲ್ಲಿ ಎರಡು ಮೆಟ್ಟಿಲು ಮೂಡುತ್ತಿದ್ದವು. ಕಚೇರಿಗೆ ಹೋಗುವಾಗ ಅದನ್ನು ಮುಚ್ಚಲು ಅವರು ಟೋಪಿಯನ್ನೂ ಹಾಕುತ್ತಿರಲಿಲ್ಲ. ಊರೆಲ್ಲ ಆ ಮೆಟ್ಟಿಲು ನೋಡಿ ನಗುತ್ತಿತ್ತು, ನಾನೂ ನಕ್ಕವನೇ.

ಕಳೆದ ವಾರ ಮುದ್ದೇಬಿಹಾಳದಿಂದ ಅವರು ತೀರಿಕೊಂಡ ಸುದ್ದಿ ಬಂತು. ಫೋನು ಇಟ್ಟ ಮೇಲೆ ಮೊದಲು ನೆನಪಾದದ್ದು ಆ ಹಿಂದಲೆ. ಅವರ ಜಾತಕ ಬರೆಯುವಷ್ಟು ನನಗೆ ಗೊತ್ತಿಲ್ಲ. ಹುಟ್ಟಿದ್ದು ಎಲ್ಲಿ, ಕಲಿತದ್ದು ಎಷ್ಟು ಎಂದು ನಾನು ಕೇಳಿರಲಿಲ್ಲ. ನಾನು ಕೇಳಿದ್ದೆಲ್ಲ ಒಂದೇ ಪ್ರಶ್ನೆ: ಈ ಮನುಷ್ಯ ಎಲ್ಲವನ್ನೂ ಯಾಕೆ ತಾನೇ ಮಾಡಿಕೊಳ್ಳುತ್ತಾನೆ? ಆ ಪ್ರಶ್ನೆ ನನ್ನನ್ನು ಹತ್ತು ವರ್ಷ ಕಾಡಿತು.

ತೊಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಇಂಡಿ ಊರಿನ ಹೈಸ್ಕೂಲಿಗೆ ಮಾಸ್ತರನಾಗಿ ಹಾಕಿದರು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ನಮ್ಮೂರು ಅಗರಖೇಡದ ಹೊಲವನ್ನು ಪಾಲಿಗೆ ಕೊಟ್ಟು, ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದು ಒಂದು ಬಾಡಿಗೆ ಮನೆ ಹಿಡಿದೆ. ಒಂದೇ ಅಂಗಳ, ಎರಡು ಮನೆ, ನಡುವೆ ಬೇವಿನ ಗಿಡ. ಎದುರು ಮನೆಯಲ್ಲಿ ಇವರಿದ್ದರು. ಊರಿನವರಿಗೆ ಇವರು ಮೋಜಣಿ ಸಾಹೇಬ್ರು. ಇಬ್ಬರು ರೈತರು ಬದುವಿನ ಸಲುವಾಗಿ ಜಗಳಾಡಿ ಅರ್ಜಿ ಕೊಟ್ಟರೆ ಸರಪಳಿ ಹಿಡಿದುಕೊಂಡು ಹೋಗಿ ಹೊಲ ಅಳೆದು, ಇದು ನಿನ್ನದು, ಅದು ಅವನದು ಎಂದು ಗಡಿಕಲ್ಲು ಹುಗಿಸಿ ಬರುವುದು ಇವರ ಕೆಲಸ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮುದ್ದೇಬಿಹಾಳದಲ್ಲಿ. ಇವರು ವರ್ಗವಾದಲ್ಲೆಲ್ಲ ಒಬ್ಬರೇ ಇರುತ್ತ, ಶನಿವಾರದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬರುತ್ತಿದ್ದರು.

ನಾವು ಬಂದ ಮರುದಿನ ಬೆಳಗ್ಗೆಯೇ ಎದುರು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಅವ್ವ, ಸಾಹೇಬರ ಹೆಂಡತಿ ಬಂದಿರಬೇಕು ಅಂದುಕೊಂಡು ಮಾತಾಡಿಸಲು ಹೋದವಳು ಹೋದಷ್ಟೇ ಬೇಗ ತಿರುಗಿ ಬಂದಳು. ಒಳಗೆ ಬನಿಯನ್ನು ಹಾಕಿಕೊಂಡ ಸಾಹೇಬರೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಎರಡೂ ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದರಂತೆ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಆದರೆ ಮೂರನೆಯ ದಿನ ಏನೋ ನೆಪ ಮಾಡಿಕೊಂಡು ಹೋಗಿ ಪರೀಕ್ಷಕಳ ಹಾಗೆ ನೋಡಿ ಬಂದು, ಅಂಚು ಒಂದು ಕಡೆಗೂ ಸೀಳಿಲ್ಲ ಎಂದು ನನ್ನ ಹೆಂಡತಿಗೆ ಕೇಳುವಂತೆ ಹೇಳಿದಳು.

ರೊಟ್ಟಿಯೊಂದೇ ಅಲ್ಲ. ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ಚಪ್ಪಲಿಯ ಅಟ್ಟೆ ಸವೆದರೆ ಹಳೆಯ ಟಾಯರಿನ ತುಂಡನ್ನು ಕೊರೆದು ಮೊಳೆ ಹೊಡೆಯುತ್ತಿದ್ದರು. ತೂತು ಬಿದ್ದ ಬಕೀಟಿಗೆ ಡಾಂಬರಿನ ತೇಪೆ. ಕೊಡೆಯ ಕಡ್ಡಿ ಮುರಿದರೆ ಸೈಕಲ್ಲಿನ ಕಡ್ಡಿ. ಹರಿದ ಧೋತರ ಮೊದಲು ಟವೆಲ್ಲು, ಆಮೇಲೆ ದೀಪ ಒರೆಸುವ ಬಟ್ಟೆ, ಕೊನೆಗೆ ಸ್ಟೋವಿನ ಬತ್ತಿ. ಇಷ್ಟೆಲ್ಲ ಮಾಡಿ ಅವರು ಬಡವರ ಹಾಗೆ ಕಾಣುತ್ತಿದ್ದರೇ ಎಂದರೆ ಅದೂ ಇಲ್ಲ. ಹಿಂದಲೆಯೊಂದನ್ನು ಬಿಟ್ಟರೆ ಇಡೀ ಕಚೇರಿಯಲ್ಲಿ ಅವರಷ್ಟು ಟಾಕುಟೀಕಾಗಿ ಬರುವವರು ಇರಲಿಲ್ಲ.

ಊರು ಅವರನ್ನು ಜಿಪುಣ ಎಂದು ತೀರ್ಮಾನಿಸಿಯಾಗಿತ್ತು. ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ವಿಜಾಪುರದಲ್ಲಿ ಪ್ಲಾಟು ಮಾಡಿದ್ದಾರೆ ಎಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಬಂಗಾರ ಮಾಡಿಸಿಟ್ಟಿದ್ದಾರೆ ಎಂದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ನಾನು ಎರಡನ್ನೂ ಒಂದೊಂದು ವರ್ಷ ನಂಬಿದೆ. ನೇರವಾಗಿ ಕೇಳಿದರೆ ಅವರದು ಒಂದೇ ಉತ್ತರ.

“ರೊಕ್ಕ ಉಳೀತಾವ್ರಿ ಮಾಸ್ತರ.”

ಇಸ್ತ್ರಿ ಯಾಕೆ ನೀವೇ ಮಾಡುತ್ತೀರಿ ಅಂದರೂ ಅದೇ, ಕಟಿಂಗ್ ಅಂಗಡಿ ಎದುರಿಗೇ ಇದೆಯಲ್ಲ ಅಂದರೂ ಅದೇ. ಹೇಳುವಾಗ ಮುಖದಲ್ಲಿ ನಾಚಿಕೆ ಇರುತ್ತಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆಣಕುತ್ತಿತ್ತು. ನಾನು ಕಂಡ ಜಿಪುಣರೆಲ್ಲ ತಾವು ಜಿಪುಣರಲ್ಲ ಎಂದು ಸಾಧಿಸಲು ಹೆಣಗುವವರು.

ನಗುತ್ತ ನಗುತ್ತಲೇ ನಾವು ಅವರ ದಾರಿಗೆ ಬಿದ್ದೆವು ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಹೊಸ ಸಂಸಾರ, ಒಂದೇ ಪಗಾರ. ಅವರು ಕರೆದು ಕಲಿಸುತ್ತಿರಲಿಲ್ಲ, ನಾವು ಇಣುಕಿ ಕಲಿತೆವು. ಸ್ಟೋವಿನ ಬತ್ತಿಗಳನ್ನು ಹೊರತೆಗೆದು ಒಂದೇ ಮಟ್ಟಕ್ಕೆ ಕತ್ತರಿಸುವುದನ್ನು ನಾನು ಕಲಿತೆ. ಮೊದಲನೆಯ ಸಲ ಹುಬ್ಬು ಸುಟ್ಟುಕೊಂಡೆ. ಪಂಚಮಿಗೆ ಮುಂಚೆ ಮನೆಗೆ ಸುಣ್ಣ ಬಳಿದೆ. ಸುಣ್ಣವನ್ನು ಎರಡು ದಿನ ನೆನೆಹಾಕಿ, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ ಹಾಕಿ, ಕತ್ತಾಳೆ ನಾರಿನ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ನಾನು ಅವಸರ ಮಾಡಿ ಅಡ್ಡಡ್ಡ ಎಳೆದೆ. ಸಾಹೇಬರು ಬಂದು ನೋಡಿದರು, ಕುಂಚ ಇಸಿದುಕೊಂಡು ಒಂದು ಗೋಡೆಯನ್ನು ತಾವೇ ಬಳಿದು ತೋರಿಸಿ ಹೋದರು. ಆ ಒಂದು ಗೋಡೆಯಿಂದಾಗಿ ಉಳಿದ ಮೂರು ಗೋಡೆಗಳು ವರ್ಷವಿಡೀ ನನ್ನ ಮಾನ ಕಳೆದವು. ಕೂದಲನ್ನೂ ಒಮ್ಮೆ ಕತ್ತರಿಸಿಕೊಂಡೆ. ಹತ್ತನೆಯ ಇಯತ್ತೆಯ ಹುಡುಗಿಯರು ಒಂದು ವಾರ ತಲೆ ಎತ್ತಿ ಬೋರ್ಡು ನೋಡಲಿಲ್ಲ, ನೋಡಿದರೆ ನಗು. ಮುಂದೆ ಆ ಸಾಹಸಕ್ಕೆ ಹೋಗಲಿಲ್ಲ. ಆದರೂ ಆ ವರ್ಷದ ಬೇಸಿಗೆಗೆ ನಮ್ಮ ಮನೆಗೆ ಫ್ಯಾನು ಬಂತು. ಅದರ ಕೆಳಗೆ ಮಲಗಿದಾಗೆಲ್ಲ ನನ್ನ ಹೆಂಡತಿ ಅದನ್ನು ಸಾಹೇಬರ ಫ್ಯಾನು ಅನ್ನುತ್ತಿದ್ದಳು.

ಅವರಲ್ಲಿ ಸಿಡುಕಿನ ಗುಣವೂ ಇತ್ತು. ಯಾರಾದರೂ ಸಡಿಲ ಗಂಟು ಹಾಕಿದ್ದು ಕಂಡರೆ ಅವರಿಂದ ಸುಮ್ಮನಿರಲು ಆಗುತ್ತಿರಲಿಲ್ಲ. ನಮ್ಮ ಬಟ್ಟೆ ಒಣಹಾಕುವ ಹಗ್ಗವನ್ನು ಕೇಳದೆ ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು. ಯಾರ ಮನೆಯಲ್ಲೂ ಊಟ ಮಾಡುತ್ತಿರಲಿಲ್ಲ. ಹಬ್ಬಕ್ಕೆ ಅವ್ವ ಹೋಳಿಗೆ ಕೊಟ್ಟು ಕಳಿಸಿದರೆ ಅದೇ ತಾಟಿನಲ್ಲಿ ಅಷ್ಟೇ ಶೇಂಗಾ ಉಂಡೆ ಇಟ್ಟು ತಿರುಗಿ ಕಳಿಸುತ್ತಿದ್ದರು, ಅದೂ ತಾಟು ತೊಳೆದು. ಒಮ್ಮೆ ಅವರ ಹೆಂಡತಿ ಮುದ್ದೇಬಿಹಾಳದಿಂದ ಬಂದಿದ್ದರು. ಈ ಮನುಷ್ಯನ ಜೊತೆ ಹೇಗೆ ಏಗುತ್ತೀರಿ ಎಂದು ಅವ್ವ ನಗುತ್ತ ಕೇಳಿದಾಗ ಆಕೆ ನಗಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು, ಇವರಿದ್ದರೆ ತಮ್ಮ ಮನೆಯಲ್ಲಿ ತಾವೇ ಅತಿಥಿ ಇದ್ದ ಹಾಗೆ ಎಂದರು.

ಕುತೂಹಲ ತಡೆಯಲಾರದೆ, ಶಾಲೆಗೆ ರಜೆಯಿದ್ದ ಒಂದು ದಿನ ನಾನು ಅವರ ಬೆನ್ನು ಹತ್ತಿ ಸಾಲೋಟಗಿಗೆ ಹೋದೆ. ಅವರು ಕೆಲಸ ಮಾಡುವುದನ್ನು ನೋಡಬೇಕಾಗಿತ್ತು. ಹೆಗಲಿಗೆ ಖಾಕಿ ಚೀಲ, ಅದರಲ್ಲಿ ನಕಾಶೆ, ಬುತ್ತಿ, ನೀರಿನ ಬಾಟಲಿ. ಹೊಲದ ಮಾಲಕ ಗಿಡದ ನೆರಳಲ್ಲಿ ಜಮಖಾನೆ ಹಾಸಿ, ಕಿಟಲಿಯಲ್ಲಿ ಚಹಾ ತರಿಸಿದ್ದ. ಇವರು ಬೇಡ ಅಂದರು. ಅವನು ಮುಖ ಸಣ್ಣದು ಮಾಡಿಕೊಂಡು ಆಚೆ ಹೋಗಿ ಯಾರ ಜೊತೆಗೋ ಪಿಸುಗುಟ್ಟಿದ. ಅರ್ಧ ತಾಸಿನಲ್ಲಿ ಒಂದು ಬುಟ್ಟಿ ನಿಂಬೆಹಣ್ಣು ಬಂತು. ಅದೂ ಬೇಡ ಅಂದರು. ಮತ್ತೆ ಪಿಸುಮಾತು. ಸ್ವಲ್ಪ ಹೊತ್ತಿಗೆ ಕಾಲು ಕಟ್ಟಿದ ಹುಂಜ ಬಂತು. ಸಾಹೇಬರು ಬೇಡ ಅಂದಷ್ಟೂ, ಇವರಿಗೆ ಇದು ಕಡಿಮೆಯಾಯಿತು ಎಂದು ಅವನು ತಿಳಿದುಕೊಳ್ಳುತ್ತಿದ್ದ. ಪಾಪ, ಅವನ ತಪ್ಪಲ್ಲ. ತಾನಾಗಿ ಕೊಟ್ಟದ್ದನ್ನು ಬೇಡ ಅನ್ನುವ ಸಾಹೇಬನನ್ನು ಅವನು ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ತನ್ನ ಹೊಲ ಕೈಬಿಟ್ಟಿತೆಂದೇ ನಂಬಿ ಅವನ ಹೆಂಡತಿ ಬದುವಿನ ಮೇಲೆ ಕೂತು ಅಳುತ್ತಿದ್ದಳು. ಅಳತೆ ಮುಗಿದಾಗ ಹೊಲ ಅವರದೇ ಆಗಿತ್ತು. ಆಗಲೂ ಆ ಗಂಡಹೆಂಡಿರು ನಂಬಲಾರದೆ ನಮ್ಮನ್ನೇ ನೋಡುತ್ತ ನಿಂತರು.

ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಒಂದು ಕಪ್ಪು ಚಹಾದಿಂದ ಏನಾಗುತ್ತಿತ್ತು ಎಂದು ಕೇಳಿದೆ. ಎಂದಿನ ಉತ್ತರ ಬರುತ್ತದೆಂದು ಕಾದೆ. ಅವತ್ತು ದಣಿದಿದ್ದರೋ ಏನೋ, ಬೇರೆ ಉತ್ತರ ಕೊಟ್ಟರು.

“ಸರಪಳಿ ಬಿಗಿ ಹಿಡೀಬೇಕ್ರಿ ಮಾಸ್ತರ. ಒಂದ ಬಟ್ಟು ಜೋಲು ಬಿದ್ರ ಒಂದು ಸಾಲು ಗಿಡ ಅತ್ಲಾಗ ಹೋಗ್ತಾವು. ಚಹಾ ಕುಡದ ಕೈ ತಾನಾಗೇ ಜೋಲು ಬಿಡತೈತಿ, ನಮಗ ಗೊತ್ತಾಗಂಗಿಲ್ಲ.”

ಆಮೇಲೆ ಉಳಿದದ್ದನ್ನು ತುಂಡುತುಂಡಾಗಿ ಹೇಳಿದರು. ನೌಕರಿಗೆ ಸೇರಿದ ಹೊಸದರಲ್ಲಿ ಅವರೂ ಎಲ್ಲರಂತೆ ಕಟಿಂಗ್ ಅಂಗಡಿಗೆ ಹೋಗುತ್ತಿದ್ದರಂತೆ. ಒಂದು ದಿನ ಅಂಗಡಿಯವನು ದುಡ್ಡು ಇಸಿದುಕೊಳ್ಳಲಿಲ್ಲ. ಅವನ ಅಣ್ಣನ ಹೊಲದ ಅರ್ಜಿ ಇವರ ಟೇಬಲ್ಲಿನ ಮೇಲಿತ್ತು. ಆಮೇಲೆ ಚಪ್ಪಲಿ ಹೊಲಿಯುವವನು ಬೇಡ ಅಂದ, ಇಸ್ತ್ರಿಯವನು ಬೇಡ ಅಂದ, ಸುಣ್ಣ ಬಳಿಯುವವನು ಬೇಡ ಅಂದ. ಖಾನಾವಳಿ ನಡೆಸುವ ಹೆಂಗಸು ಎರಡು ರೊಟ್ಟಿ ಹೆಚ್ಚಿಗೆ ಹಾಕಿ ನಕ್ಕಳು. ಒಂದು ತಾಲೂಕಿನ ಊರಿನಲ್ಲಿ ಭೂಮಿಯ ತಕರಾರು ಇಲ್ಲದ ಮನೆ ಎಷ್ಟಿರುತ್ತವೆ? ಒಬ್ಬೊಬ್ಬರು ದುಡ್ಡು ಬೇಡ ಅಂದಾಗಲೂ ಇವರು ಒಂದೊಂದು ಕೆಲಸ ಕಲಿತರು.

ದುಡ್ಡು ಉಳಿಸಲು ಮಾಡುತ್ತೇನೆ ಎನ್ನುವುದು ಹಾಗಾದರೆ ಸುಳ್ಳೇ ಎಂದು ಕೇಳಿದೆ. ಅದೂ ಖರೆ ಅಂದರು. ಪಗಾರ ತಿಂಗಳ ಕೊನೆಯವರೆಗೆ ಬಂದರೆ ಇನ್ನೊಬ್ಬರ ಚಹಾ ರುಚಿ ಅನ್ನಿಸುವುದಿಲ್ಲ ಎಂದು ಹೇಳಿ, ಬಸ್ಸು ಬಂತೆಂದು ಎದ್ದರು. ಬಸ್ಸಿನಲ್ಲಿ ನನ್ನ ಟಿಕೆಟ್ಟು ಅವರು ತೆಗೆಯಲಿಲ್ಲ, ಅವರದನ್ನು ನನಗೆ ತೆಗೆಯಲು ಬಿಡಲಿಲ್ಲ.

ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಂಡೆ. ಮುಂದಿನ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು.

ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳದ್ದನ್ನು ಗಮನಿಸಿದವಳು ಅವ್ವ. ಹೋಗಿ ಬಾಗಿಲು ದೂಡಿದರೆ ಸಾಹೇಬರು ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದರು. ನಾನು ಡಾಕ್ಟರನ್ನು ಕರೆತಂದೆ. ಅವ್ವ ಜೋಳದ ನುಚ್ಚಿನ ಗಂಜಿ ಕಾಯಿಸಿ, ಮಜ್ಜಿಗೆ ಬೆರೆಸಿ ಒಯ್ದಳು. ಅವರು ಮುಖ ತಿರುಗಿಸಿದರು. ಅವ್ವ ಅವರ ತಲೆ ಎತ್ತಿ ಹಿಡಿದು ಗಂಜಿ ತುಂಬಿದ ವಾಟಗವನ್ನು ಬಾಯಿಗಿಟ್ಟಳು.

“ಸುಮ್ನ ಕುಡಿ ತಮ್ಮಾ. ಇಲ್ಲಿ ಯಾವ ಹೊಲಾನೂ ಇಲ್ಲ.”

ಅದುವರೆಗೆ ಅವಳು ಅವರನ್ನು ಸಾಹೇಬ್ರ ಅನ್ನುತ್ತಿದ್ದಳು. ನಾಲ್ಕು ದಿನ ದಿನಕ್ಕೆ ಮೂರು ಸಲ ಗಂಜಿ ಕುಡಿಸಿದಳು, ನಾಲ್ಕು ದಿನವೂ ತಮ್ಮಾ ಅಂದಳು. ಐದನೆಯ ದಿನ ಬೆಳಗ್ಗೆ ನಾವು ಏಳುವ ಮೊದಲೇ ನಮ್ಮ ಕಟ್ಟೆಯ ಮೇಲೆ ವಾಟಗ ತೊಳೆದು ಬೋರಲು ಹಾಕಿತ್ತು. ಎದುರು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಧಾನವಾಗಿ, ನಡುನಡುವೆ ನಿಂತು ನಿಂತು ಕೇಳುತ್ತಿತ್ತು. ನಮ್ಮ ಕಡೆ ಉಂಡವರು ತಮ್ಮ ತಾಟು ತಾವೇ ತೊಳೆಯುವುದನ್ನು ಮನೆಯವರು ಸಹಿಸುವುದಿಲ್ಲ. ಉಂಡವರು ತಾಟಿನಲ್ಲೇ ಕೈ ತೊಳೆದು ಏಳಬೇಕು, ತಾಟು ಎತ್ತುವುದು ಮನೆಯವರ ಹಕ್ಕು. ಅವ್ವ ಆ ವಾಟಗ ನೋಡಿ, ನಿತ್ರಾಣದಲ್ಲೂ ಇವನಿಗೆ ಎಂಥ ಹಟ ಎಂದು ನಕ್ಕಳು.

ಅದಾದ ಮರುವರ್ಷ ನಮ್ಮ ಹೊಲದ ತಕರಾರು ಎದ್ದಿತು. ಅಗರಖೇಡದ ಹೊಲದ ಬದುವಿನ ಗುಂಟ ಒಂಬತ್ತು ನಿಂಬೆ ಗಿಡಗಳಿದ್ದವು. ಅಪ್ಪ ಹಚ್ಚಿದ್ದು, ಅವ್ವ ಬೆಳೆಸಿದ್ದು. ಎರಡು ಬೇಸಿಗೆ ದೂರದ ಬಾವಿಯಿಂದ ಕೊಡ ಹೊತ್ತು ಒಂದೊಂದು ಗಿಡಕ್ಕೂ ನೀರು ಹಾಕಿದ್ದಳು. ಅವ್ವನ ನೆತ್ತಿಯ ಮೇಲೆ ಸಿಂಬೆಯ ಗುರುತಿನಷ್ಟು ಕೂದಲು ಕಡಿಮೆ ಇತ್ತು. ಅದನ್ನು ಮುಟ್ಟಿ ತೋರಿಸಿ, ಇದು ನಿಂಬೆ ಗಿಡಕ್ಕೆ ಹೋದದ್ದು ಅನ್ನುತ್ತಿದ್ದಳು. ಈಗ ಪಕ್ಕದ ಹೊಲದ ಮಲಕಪ್ಪ, ಆ ಗಿಡಗಳು ತನ್ನ ಸರಹದ್ದಿನಲ್ಲಿವೆ ಎಂದು ಹಣ್ಣು ಹರಿಯಲು ಬಿಡಲಿಲ್ಲ. ನಾನು ಅಳತೆಗೆ ಅರ್ಜಿ ಕೊಟ್ಟೆ. ಅರ್ಜಿ ಎದುರು ಮನೆಯವರ ಪಾಲಿಗೇ ಬಂತು.

ಸುದ್ದಿ ಕೇಳಿ ನಾನು ಖುಷಿಪಟ್ಟೆ. ಸಾಲೋಟಗಿಯಲ್ಲಿ ನೋಡಿದ್ದನ್ನೆಲ್ಲ ಮರೆತು, ನಮ್ಮ ಮನೆಯ ಮನುಷ್ಯನೇ ಬರುತ್ತಾನೆ ಎಂದು ಖುಷಿಪಟ್ಟೆ. ಅವರು ಮಾತ್ರ ಬೇರೆಯವರನ್ನು ಕಳಿಸಿ ಎಂದು ಮೇಲಿನವರಿಗೆ ಕೇಳಿಕೊಂಡಿದ್ದರಂತೆ. ಇನ್ನೊಬ್ಬರು ದೀರ್ಘ ರಜೆಯಲ್ಲಿದ್ದರು, ಇವರೇ ಹೋಗಬೇಕಾಯಿತು.

ಅಳತೆ ಬುಧವಾರ. ಅದರ ಹಿಂದಿನ ರವಿವಾರ ಬೆಳಗ್ಗೆ, ಆ ವಾರ ಊರಿಗೆ ಹೋಗದೆ ಉಳಿದಿದ್ದ ಸಾಹೇಬರು ಪುಂಡಿನಾರಿನ ಹಗ್ಗದ ದೊಡ್ಡ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದರು. ಅವ್ವ ಮಲಗುವ ಹಗ್ಗದ ಹೊರಸು ಜೋತು ನೆಲ ಮುಟ್ಟುವಂತಾಗಿತ್ತು. ಅದನ್ನು ಬೇವಿನ ನೆರಳಿಗೆ ಎಳೆದು, ಹಳೆಯ ಹಗ್ಗವನ್ನೆಲ್ಲ ಕೊಯ್ದು ಹಾಕಿ ಹೆಣೆಯಲು ಕೂತರು. ಮೂಲೆಯಿಂದ ಶುರುಮಾಡಿ, ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ, ಕಾಲ ಕಡೆಗೆ ಬಿಗಿಯಲು ಒಂದಿಷ್ಟು ಜಾಗ ಬಿಟ್ಟು, ಸಂಜೆಯವರೆಗೆ ಹೆಣೆದರು. ಮಧ್ಯಾಹ್ನ ತಮ್ಮ ಮನೆಗೆ ಹೋಗಿ ಉಂಡು ಬಂದರು. ಅವ್ವನಿಗೆ ಹಿಗ್ಗೋ ಹಿಗ್ಗು. ಸುತ್ತ ತಿರುಗಿ ಎಷ್ಟು ಚೆಂದ ಚೌಕ ಬಂದಿದೆ ಎಂದು ನನ್ನ ಹೆಂಡತಿಗೆ ತೋರಿಸಿದಳು. ಮುಗಿದ ಮೇಲೆ, ಇದೆಲ್ಲ ಯಾಕೆ ಮಾಡಿದೆಯೋ ತಮ್ಮಾ ಎಂದು ಕೇಳಿದಳು.

ಅವರು ಅಂಗೈಗೆ ಹತ್ತಿದ ನಾರು ಒರೆಸಿಕೊಂಡರು.

“ಬುಧವಾರ ನಿಮ್ಮ ಹೊಲಕ್ಕ ಬರ್ತೇನ್ರಿ ಅಕ್ಕಾರ. ನಾಕ ದಿನದ ಗಂಜಿ ನನ್ನ ಮ್ಯಾಲ ಇತ್ತು. ಅದನ್ನ ಮುಗಿಸಿ ಬರಬೇಕಲ್ರಿ.”

ಅವ್ವ ಒಳಗೆ ಹೋದಳು.

ಬುಧವಾರ ಅಗರಖೇಡದಲ್ಲಿ ನಾನು, ಅವ್ವ, ಮಲಕಪ್ಪ, ಊರಿನ ನಾಲ್ಕು ಮಂದಿ. ಸಾಹೇಬರು ನಕಾಶೆ ಬಿಚ್ಚಿ, ಎರಡು ಕಡೆಯಿಂದ ಅಳೆಯುತ್ತ ಬಂದು ಒಂದು ಜಾಗ ತೋರಿಸಿ ಅಗೆಯಿರಿ ಅಂದರು. ಮೊಳಕಾಲುದ್ದ ಕರಿಮಣ್ಣು ತೆಗೆದ ಮೇಲೆ ಹಳೆಯ ಗಡಿಕಲ್ಲು ಸಿಕ್ಕಿತು. ಆ ಕಲ್ಲನ್ನು ನಮ್ಮಪ್ಪನೂ ನೋಡಿರಲಾರ. ಅಲ್ಲಿಂದ ಸರಪಳಿ ಎಳೆದರು. ಒಂದು ತುದಿಯನ್ನು ತಾವೇ ಹಿಡಿದಿದ್ದರು, ಕೈಯ ನರ ಉಬ್ಬುವಷ್ಟು ಬಿಗಿಯಾಗಿ. ಮಧ್ಯಾಹ್ನ ಎಲ್ಲರೂ ನಿಂಬೆ ಗಿಡಗಳ ನೆರಳಿಗೆ ಕೂತೆವು. ಅವರೊಬ್ಬರೇ ಬಂಡಿ ದಾರಿಯ ಮೇಲೆ ಸುಡುಬಿಸಿಲಲ್ಲಿ ಕೂತು ಬುತ್ತಿ ಬಿಚ್ಚಿದರು. ಬಂಡಿ ದಾರಿ ನಮ್ಮದೂ ಅಲ್ಲ, ಮಲಕಪ್ಪನದೂ ಅಲ್ಲ.

ಅಳತೆ ಮುಗಿದಾಗ ಮೂರು ಗಿಡ ನಮ್ಮ ಕಡೆ ಉಳಿದವು, ಆರು ಮಲಕಪ್ಪನ ಕಡೆ ಹೋದವು. ಅಪ್ಪ ಬದುವಿನ ಅಂದಾಜಿನಲ್ಲಿ ಗಿಡ ಹಚ್ಚಿದ್ದ, ಬದು ಎಂದೋ ಸರಿದಿತ್ತು. ಗೆದ್ದ ಮಲಕಪ್ಪನೇ ಅವ್ವನ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಅವ್ವ ಹೋಗುವ ಮುಂಚೆ ಆ ಆರೂ ಗಿಡಗಳನ್ನು ಒಂದೊಂದಾಗಿ ಮುಟ್ಟಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದೇ ಅಂಗಳದಲ್ಲಿದ್ದೂ ಅವರ ಜೊತೆ ಮಾತು ಬಿಟ್ಟೆ. ಬರಬರುತ್ತ ಒಂದು ಅನುಮಾನವೂ ಹುಟ್ಟಿತು. ನಮ್ಮ ಋಣದಲ್ಲಿಲ್ಲ ಎಂದು ಊರಿಗೆ ತೋರಿಸುವ ಹಟದಲ್ಲಿ ಈ ಮನುಷ್ಯ ನಮ್ಮ ವಿರುದ್ಧವೇ ಎಳೆದಿರಬಹುದೇ? ಅನುಮಾನ ತಡೆಯದೆ, ಅವರಿಂದಲೇ ಕಲಿತ ಬುದ್ಧಿಯಂತೆ, ಒಂದು ರವಿವಾರ ನಾನೇ ಹೋಗಿ ಅಳೆದೆ. ಗಂಟು ಹಾಕಿ ಗುರುತು ಮಾಡಿದ ಹಗ್ಗ, ನಕಾಶೆಯ ನಕಲು, ಜೊತೆಗೆ ನಮ್ಮ ಪಾಲಿನವನು. ಎರಡು ಸಲ ಅಳೆದೆ. ಎರಡು ಸಲವೂ ಆರು ಗಿಡ ಆಚೆಯೇ. ಅಷ್ಟೇ ಅಲ್ಲ, ನನ್ನ ಹಗ್ಗದ ಪ್ರಕಾರ ಇನ್ನೂ ಒಂದು ಮೊಳ ನೆಲ ಮಲಕಪ್ಪನಿಗೆ ಹೋಗಬೇಕಾಗಿತ್ತು. ಆ ಮೊಳ ನನ್ನ ಹಗ್ಗದ ಜೋಲೋ ಅವರ ಸರಪಳಿಯ ಜೋಲೋ, ನನಗೆ ಇಂದಿಗೂ ಗೊತ್ತಿಲ್ಲ. ನಾಚಿಕೆಯಾಯಿತು. ಮರುದಿನ ನಾನೇ ಹೋಗಿ ಮಾತಾಡಿಸಿದೆ. ಅವರು ಏನೂ ಆಗಿಲ್ಲದವರ ಹಾಗೆ, ನಮ್ಮ ಬಟ್ಟೆಯ ಹಗ್ಗ ಸಡಿಲಾಗಿದೆ ಅಂದರು.

ಅವ್ವ ಮಾತ್ರ ಸರಿಹೋಗಲಿಲ್ಲ. ಎದುರಿಗೆ ಸಿಕ್ಕರೆ ಮಾತಾಡುವಳು, ಆದರೆ ಮತ್ತೆ ಸಾಹೇಬ್ರ ಅನ್ನುವಳು. ಆ ಹೊರಸಿನ ಮೇಲೆ ಒಂದು ದಿನವೂ ಮಲಗಲಿಲ್ಲ. ಕೌದಿ ಹಾಸಿಕೊಂಡು ನೆಲದ ಮೇಲೆಯೇ ಮಲಗುವಳು. ಹೊರಸಿನ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಗುತ್ತಿದ್ದವು. ಗಿಡಗಳ ಸಂಕಟ ಎಂದು ನಾವು ಅಂದುಕೊಂಡೆವು. ಸಾಹೇಬರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅವರು ಹೊರಡುವ ದಿನ ಅವ್ವ ಬಾಗಿಲಿನವರೆಗೆ ಬಂದಳು, ಅಂಗಳಕ್ಕೆ ಇಳಿಯಲಿಲ್ಲ.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿತ್ತು. ಒಂದು ದಿನ ನಾನು ರೇಗಿ, ಆರು ಗಿಡದ ಸಲುವಾಗಿ ಎಷ್ಟು ವರ್ಷ ನೆಲದ ಮೇಲೆ ಮಲಗಿ ಬೆನ್ನು ನೋಯಿಸಿಕೊಳ್ಳುತ್ತೀ ಎಂದು ಕೇಳಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಕೈ ನಿಲ್ಲಿಸಿದಳು.

“ಗಿಡ ಅವನ ಹೊಲದಾಗಿದ್ವು, ಹೋದ್ವು. ಅದಕ್ಕ ಯಾಕ ಸಿಟ್ಟು? ನಾ ಗಂಜಿ ಕುಡಿಸಿದ್ದು ಮೋಜಣಿ ಸಾಹೇಬಗ ಅಲ್ಲ, ಜ್ವರ ಬಂದ ಮನಷ್ಯಾಗ. ತಮ್ಮಾ ಅಂತ ಅಂದಿದ್ದೆ. ಅಂವ ಹೊರಸ ಹೆಣದು ಅದನ್ನ ಚುಕ್ತಾ ಮಾಡಿದ.”

ನಾನು ಇಷ್ಟು ವರ್ಷ ಅವರನ್ನು ನೋಡಿ ನೋಡಿ ತಿಳಿಯಲು ಒದ್ದಾಡಿದ್ದೆ. ಮನೆಯೊಳಗಿನ ಅವ್ವನನ್ನೇ ನಾನು ತಿಳಿದಿರಲಿಲ್ಲ. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಅದೇ ವರ್ಷ ಪರೀಕ್ಷೆಯ ಕೆಲಸದ ಮೇಲೆ ಬಾಗೇವಾಡಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಸಾಹೇಬರು ಸಿಕ್ಕರು. ಕೂದಲು ಬೆಳ್ಳಗಾಗಿತ್ತು, ಹಿಂದಲೆಯ ಮೆಟ್ಟಿಲು ಹಾಗೇ ಇತ್ತು. ಅವ್ವನ ಆರೋಗ್ಯ ಕೇಳಿದರು. ನಾನು ತಡೆಯಲಾರದೆ ಅವ್ವ ಹೇಳಿದ್ದನ್ನು ಹೇಳಿಬಿಟ್ಟೆ. ಅವರು ಬಹಳ ಹೊತ್ತು ಖಾಕಿ ಚೀಲದ ಬಾಯಿಯ ದಾರವನ್ನು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು.

“ನನ್ನ ನೌಕರಿ ಇನ್ನ ಎಂಟ ತಿಂಗಳೈತ್ರಿ ಮಾಸ್ತರ,” ಎಂದರು.

ನಾನು ಹೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಮಾತು ತಪ್ಪಿಸುತ್ತಿದ್ದಾರೆ ಅಂದುಕೊಂಡೆ.

ಎಂಟು ತಿಂಗಳು ಕಳೆದು, ಅವರು ನಿವೃತ್ತರಾದ ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಅಂಗಳದಲ್ಲಿ ಸಾಹೇಬರು ನಿಂತಿದ್ದರು. ಹೆಗಲಲ್ಲಿ ಚೀಲ ಇರಲಿಲ್ಲ. ಅವರು ಬೇವಿನ ಗಿಡದ ಕಡೆ ತಿರುಗಿದಾಗ ನೋಡಿದೆ, ಹಿಂದಲೆ ಸಪಾಟಾಗಿತ್ತು. ಯಾರೋ ಕೈ ಪಳಗಿದವರು ಅಂಗಡಿಯಲ್ಲಿ ಕೂರಿಸಿ ಕತ್ತರಿಸಿದ ಕೂದಲು ಅದು.

ಅವ್ವ ಹೊಸ್ತಿಲಲ್ಲಿ ನಿಂತು, ಏನು ಬಂದಿರಿ ಸಾಹೇಬ್ರ ಅಂದಳು.

“ಸಾಹೇಬಕಿ ನಿನ್ನೆ ಮುಗೀತ್ರಿ ಅಕ್ಕಾರ. ಗಂಜಿ ಕುಡದ ಹೋಗೂಣಂತ ಬಂದೆ.”

ಅವ್ವ ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿತು. ನಾನು ಹೊರಸಿನ ಮೇಲಿನ ಮೆಣಸಿನಕಾಯಿ ತೆಗೆದು ಜಾಗ ಮಾಡಿಕೊಟ್ಟೆ. ಅವರು ಕೂತರು. ಅಷ್ಟು ವರ್ಷದ ಬಿಸಿಲಿಗೆ ಹಗ್ಗ ಸಡಿಲಾಗಿತ್ತು. ಅವರ ಕೈ ತಾನಾಗಿಯೇ ಕಾಲ ಕಡೆಯ ಹಗ್ಗಕ್ಕೆ ಹೋಗಿ ಎಳೆಯತೊಡಗಿತು. ಅಷ್ಟರಲ್ಲಿ ತಾಟು ಹಿಡಿದುಕೊಂಡು ಬಂದ ಅವ್ವ ಅದನ್ನು ನೋಡಿದಳು.

“ಇರ್ಲಿ ಬಿಡು ತಮ್ಮಾ. ಕುಂದ್ರ ಸಾಕು.”

ಅವರು ಹಗ್ಗ ಬಿಟ್ಟರು. ತಾಟಿನಲ್ಲಿ ವಾಟಗ, ವಾಟಗದ ತುಂಬ ಗಂಜಿ, ಪಕ್ಕದಲ್ಲಿ ನಿಂಬೆಯ ಉಪ್ಪಿನಕಾಯಿ. ಉಳಿದ ಮೂರು ಗಿಡಗಳ ಹಣ್ಣು. ಅವರು ಒಂದು ವಾಟಗ ಮುಗಿಸಿ, ಇನ್ನೊಂದು ವಾಟಗ ಕೇಳಿ ಹಾಕಿಸಿಕೊಂಡರು. ಬೆರಳಲ್ಲಿ ಬಳಿದು ಕೊನೆಯ ಹನಿಯವರೆಗೆ ಕುಡಿದರು. ಆಮೇಲೆ ಎಂದಿನ ಹಾಗೆ ತಾಟು ಎತ್ತಿಕೊಂಡು ಬಚ್ಚಲ ಕಡೆಗೆ ಎದ್ದರು. ಅರ್ಧ ಎದ್ದವರು ನಿಂತರು, ಮತ್ತೆ ಕೂತರು. ತಾಟನ್ನು ಕೆಳಗಿಟ್ಟು, ತಂಬಿಗೆಯ ನೀರು ಬಗ್ಗಿಸಿ ತಾಟಿನಲ್ಲೇ ಕೈ ತೊಳೆದುಕೊಂಡರು. ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಎದ್ದು ತಾಟನ್ನು ಅಲ್ಲೇ ಬಿಟ್ಟು ಬೇವಿನ ಗಿಡದ ಹತ್ತಿರ ಹೋಗಿ ನಿಂತರು.

ಅವ್ವ ತಾಟು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಒಂದು ತಾಟು, ಒಂದು ವಾಟಗ ತೊಳೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.